ಆನೆ ಹೆಜ್ಜೆಯಿಂದ ಶುರುಮಾಡಿ

ನಮಸ್ಕಾರ.

ಮನುಷ್ಯನ ಕೈಯಿಂದ ದೊಡ್ಡ ಪ್ರಾಣಿಗಳು ಅಳಿದ ಬಗ್ಗೆ ನೀವು ಕಳಿಸಿದ ‘ಅಳಿದುಹೋದ ದೈತ್ಯರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೆ ಬರೆಯಲೇಬೇಕು ಅನ್ನಿಸಿದ್ದಕ್ಕೇ ಮೈಸೂರಿನಿಂದ ಇಷ್ಟುದ್ದ ಪತ್ರ.

ಮೊದಲ ಪುಟದಲ್ಲೇ ಡೈನೋಸಾರ್‌ಗಳನ್ನೂ ಆನೆಯನ್ನು ಹೋಲುವ ಹಿಮಯುಗದ ಮ್ಯಾಮತ್‌ಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೀರಿ. ಡೈನೋಸಾರ್ ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಆಗ ಮನುಷ್ಯನ ಸುಳಿವೇ ಇರಲಿಲ್ಲ. ಆ ಪ್ಯಾರಾ ತೆಗೆದುಹಾಕಿ. ‘ಹಿಮಯುಗ ಮುಗಿಯಿತು, ಮ್ಯಾಮತ್‌ಗಳು ಸತ್ತವು’ ಎಂಬ ಸಾಲೂ ಅವಸರದ್ದು. ಹಿಂದೆಯೂ ಅಂಥ ಬಿಸಿಯ ಕಾಲಗಳನ್ನು ಅವು ದಾಟಿ ಬಂದಿದ್ದವು. ಸೈಬೀರಿಯಾದ ಉತ್ತರಕ್ಕಿರುವ ರ‍್ಯಾಂಗಲ್ ದ್ವೀಪದಲ್ಲಂತೂ ಸುಮಾರು 4,000 ವರ್ಷಗಳ ಹಿಂದಿನವರೆಗೂ ಬದುಕಿದ್ದವು. ಈಜಿಪ್ಟಿನ ದೊಡ್ಡ ಪಿರಮಿಡ್ಡು ಅಷ್ಟರಲ್ಲಿ ಕಟ್ಟಿ ಮುಗಿದಿತ್ತು! ಹವಾಮಾನದ ಪಾಲೆಷ್ಟು, ಬೇಟೆಯ ಪಾಲೆಷ್ಟು ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಅದನ್ನು ಓದುಗರಿಂದ ಮುಚ್ಚಿಡಬೇಡಿ. ನ್ಯೂಜಿಲೆಂಡಿನ ಮೋವಾ ಎಂಬ ಹಾರಲಾರದ ದೊಡ್ಡ ಹಕ್ಕಿಗಳ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಜಾಗ ಕಡಿಮೆ: ಸುಮಾರು ಕ್ರಿ.ಶ. 1300ರ ಹೊತ್ತಿಗೆ ಜನ ಅಲ್ಲಿ ನೆಲೆಸಿದರು, ಇನ್ನೂರು ವರ್ಷದ ಆಸುಪಾಸಿನಲ್ಲಿ ಆ ಹಕ್ಕಿಗಳು ಇಲ್ಲವಾದವು.

ಈಟಿ ಹಿಡಿದವರು ಹಿಂಡನ್ನೇ ಪ್ರಪಾತಕ್ಕೆ ಅಟ್ಟುವ ದೃಶ್ಯಕ್ಕೆ ಮೂರು ಪುಟ ಕೊಟ್ಟಿದ್ದೀರಿ. ಬರವಣಿಗೆಗೆ ಕಸುವಿದೆ, ಆದರೆ ಅದು ಓದುಗರನ್ನು ದಾರಿ ತಪ್ಪಿಸುತ್ತದೆ. ದೊಡ್ಡ ಪ್ರಾಣಿಯ ವಂಶ ಮುಗಿಯಲು ಮಾರಣಹೋಮವೇ ಆಗಬೇಕಿಲ್ಲ. ಆನೆ 22 ತಿಂಗಳು ಗಬ್ಬ ಹೊರುತ್ತದೆ. ಒಂದು ಮರಿಯಾದ ಮೇಲೆ ಇನ್ನೊಂದಕ್ಕೆ ನಾಲ್ಕೈದು ವರ್ಷ. ಹುಟ್ಟುವುದಕ್ಕಿಂತ ಸಾಯುವುದು ಒಂಚೂರು ಹೆಚ್ಚಾದರೂ ಸಾಕು, ಹಿಂಡು ಕರಗುತ್ತಾ ಹೋಗುತ್ತದೆ. ಎಷ್ಟು ನಿಧಾನವಾಗಿ ಎಂದರೆ, ಅಜ್ಜ ಕಂಡಷ್ಟು ತಾನು ಕಂಡಿಲ್ಲ ಎಂಬುದೇ ಮೊಮ್ಮಗನಿಗೆ ತಿಳಿಯುವುದಿಲ್ಲ. ಮ್ಯಾಮತ್ ಕೂಡ ಆನೆಯ ಕುಲದ್ದೇ. ಕೊನೆಯದನ್ನು ಹೊಡೆದವನಿಗೆ ಅದು ಕೊನೆಯದೆಂದು ಗೊತ್ತಿರಲಿಕ್ಕಿಲ್ಲ. ನಿಮ್ಮ ಲೇಖನದ ಜೀವ ಇಲ್ಲಿದೆ, ಅದನ್ನೇ ನೀವು ಬರೆದಿಲ್ಲ.

ಇನ್ನು ಏಳನೇ ಪುಟ. ‘ಅಂದಹಾಗೆ’ ಎಂದು ಶುರುವಾಗುವ ನಾಲ್ಕೇ ಸಾಲು. ಮುತ್ತತ್ತಿ ಕಾಡಿನ ಆನೆಗಳು ಮಳವಳ್ಳಿ ಕಡೆಯ ನಿಮ್ಮ ಕಬ್ಬಿನ ಗದ್ದೆಗೆ ಇಳಿದ ರಾತ್ರಿ, ನಿಮ್ಮಪ್ಪ ಪಂಪ್‌ಸೆಟ್ ಮನೆಯಲ್ಲಿ ಬೀಡಿಯನ್ನೂ ಹಚ್ಚದೆ ಕೂತು ಜಲ್ಲೆ ಮುರಿಯುವ ಸದ್ದು ಕೇಳಿದ್ದು. ಬೆಳಿಗ್ಗೆ ಹೆಜ್ಜೆಗುರುತಿನಲ್ಲಿ ನಿಂತ ನೀರಲ್ಲಿ ಕಪ್ಪೆ ಕೂತಿದ್ದದ್ದು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಅಮೆರಿಕದಲ್ಲಿ ಆನೆಯ ಕುಲವೇ ಉಳಿಯಲಿಲ್ಲ. ನಮ್ಮಲ್ಲಿ ಇವತ್ತಿಗೂ ಅದು ರಾತ್ರಿ ಗದ್ದೆಗೆ ಬರುತ್ತಿದೆ. ಕಾಕನಕೋಟೆ ಕಾಡಿನಲ್ಲಿ 1971ರವರೆಗೂ ಖೆಡ್ಡಾ ಮಾಡಿ, ಅಂದರೆ ಆನೆಗಳನ್ನು ಬೇಲಿಯ ಆವರಣದೊಳಕ್ಕೆ ಅಟ್ಟಿ, ಹಿಂಡುಗಳನ್ನೇ ಹಿಡಿದ ನಾಡು ನಮ್ಮದು, ಅದನ್ನೂ ಮರೆಯಬೇಡಿ.

ಎಷ್ಟು ಕಬ್ಬು ಹೋಯಿತು? ಪರಿಹಾರದ ಅರ್ಜಿ ಏನಾಯಿತು? ನಿಮ್ಮಪ್ಪ ಬೈದರೋ, ಕೈಮುಗಿದರೋ? ಅವರ ಸಿಟ್ಟನ್ನು ಬಿಟ್ಟು ಸಂರಕ್ಷಣೆಯ ಮಾತಾಡಿದರೆ ಮಂಡ್ಯದ ರೈತರು ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಹಾಗೆಯೇ, ಬೇಲಿಗೆ ಹರಿಸಿದ ಕರೆಂಟು ತಗುಲಿ ಒಂದು ಹೆಣ್ಣಾನೆ ಸತ್ತರೆ ಹಿಂಡಿಗೆ ಎಷ್ಟು ಮರಿಗಳ ನಷ್ಟ ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಇಡಿ.

‘ಬನ್ನಿ, ಎಲ್ಲರೂ ಪ್ರಾಣಿಗಳನ್ನು ಉಳಿಸೋಣ’ ಎಂಬ ಕೊನೆಯ ಪುಟ ಬೇಡವೇ ಬೇಡ. ಒಟ್ಟು ಐದು ಪುಟ ಸಾಕು. ಊರಿಗೆ ಹೋದಾಗ ನಿಮ್ಮಪ್ಪನವರ ಹತ್ತಿರ ಕೂತು ಆ ರಾತ್ರಿಯ ಬಗ್ಗೆ ಇನ್ನೊಮ್ಮೆ ಕೇಳಿ, ಆಮೇಲೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.