ದಪ್ಪಗಿನ ಪಾತ್ರದ ಕುಂಗ್ ಫು ಶಾಟ್ ಬಲೂನಿನ ಹಾಗೆ ತೇಲುತ್ತಿದೆ. 'ಕುಂಗ್ ಫು ಪಾಂಡಾ' ಸಿನಿಮಾದಲ್ಲಿ ತೂಕ ಹೇಗೆ ಬಂತು?

ನೀವು ಬರೆದಿರುವುದು ಇಷ್ಟು: ಬ್ಲೆಂಡರ್ ಎಂಬ 3ಡಿ ಆನಿಮೇಷನ್ ತಂತ್ರಾಂಶದಲ್ಲಿ 8 ಸೆಕೆಂಡಿನ ಶಾಟ್, ಡೊಳ್ಳುಹೊಟ್ಟೆಯ ಕರಡಿಯೊಂದು ಹಾರಿ ಒದ್ದು ನೆಲಕ್ಕಿಳಿಯುತ್ತದೆ. ಪೋಸ್‌ಗಳು ಚೆನ್ನಾಗಿವೆ, ಪ್ಲೇ ಮಾಡಿದರೆ ಮಾತ್ರ ಬಲೂನು. ಭಾರ ಬರಲಿ ಎಂದು ಎಲ್ಲವನ್ನೂ ನಿಧಾನ ಮಾಡಿದಿರಿ, ಇನ್ನಷ್ಟು ತೇಲಿತು.

ನಿಧಾನ ಮಾಡಿದ್ದೇ ಎಡವಟ್ಟು. ದಪ್ಪಗಿರುವವರು ನಿಧಾನವಾಗಿ ಬೀಳುವುದಿಲ್ಲ. ಇಷ್ಟು ಕಡಿಮೆ ಎತ್ತರದಿಂದ ಪಾಂಡಾ ಬಿದ್ದರೂ ಕೋತಿ ಬಿದ್ದರೂ ಹಿಡಿಯುವ ಸಮಯ ಒಂದೇ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಮೊದಲ 3 ಫ್ರೇಮಿಗೆ ಸುಮಾರು 8 ಸೆಂಟಿಮೀಟರ್ ಬೀಳುತ್ತದೆ, 6 ಫ್ರೇಮಿಗೆ 31, 9ಕ್ಕೆ 69, 12ಕ್ಕೆ 123. ಅಂದರೆ ಒಂದು ಮೀಟರ್ ಜಿಗಿತಕ್ಕೆ ಏರಲು 11 ಫ್ರೇಮ್, ಇಳಿಯಲು 11. ನಿಮ್ಮ ಕರಡಿ ಗಾಳಿಯಲ್ಲಿ 40 ಫ್ರೇಮ್ ಇದ್ದರೆ ಅದು ಸುಮಾರು 3.4 ಮೀಟರ್ ಹಾರಿರಬೇಕು. ಅಷ್ಟು ಹಾರಿಲ್ಲವಲ್ಲ, ಹಾಗಾಗಿ ನೋಡುವ ಕಣ್ಣು ತಕ್ಷಣ ಮೋಸ ಹಿಡಿಯುತ್ತದೆ. ಜೊತೆಗೆ ರಿಗ್‌ನ, ಅಂದರೆ ಪಾತ್ರವನ್ನು ಆಡಿಸುವ ಒಳಗಿನ ಅಸ್ಥಿಪಂಜರದ, ಎತ್ತರವನ್ನೂ ಒಮ್ಮೆ ಅಳೆಯಿರಿ. ಕರಡಿಯೇ ದೃಶ್ಯದಲ್ಲಿ 10 ಮೀಟರ್ ಇದ್ದರೆ ಬಟ್ಟೆಯ ಸಿಮ್ಯುಲೇಷನ್ (ಕಂಪ್ಯೂಟರೇ ಲೆಕ್ಕ ಹಾಕಿ ಅಲುಗಿಸುವುದು) ಕೂಡ ಸ್ಲೋ ಮೋಷನ್‌ನಂತೆ ಬರುತ್ತದೆ.

ಇನ್ನೊಬ್ಬ ಕಳ್ಳ ಗ್ರಾಫ್ ಎಡಿಟರ್‌ನಲ್ಲಿದ್ದಾನೆ, ಅಂದರೆ ಚಲನೆಯನ್ನು ಗೆರೆಯಾಗಿ ತೋರಿಸುವ ಕಿಟಕಿಯಲ್ಲಿ. ಬ್ಲೆಂಡರ್ ತಾನಾಗಿಯೇ ಕೊಡುವ ಹ್ಯಾಂಡಲ್‌ನಿಂದ (ಗೆರೆಯನ್ನು ಬಾಗಿಸುವ ಹಿಡಿಕೆ), ಕಾಲು ನೆಲ ಮುಟ್ಟುವ ಕೀಯಲ್ಲಿ (ಪೋಸ್ ದಾಖಲಿಸಿದ ಬಿಂದು) ಗೆರೆ ಚಪ್ಪಟೆಯಾಗುತ್ತದೆ. ಅಂದರೆ ನೆಲ ಹತ್ತಿರ ಬಂದಂತೆ ಬ್ರೇಕ್ ಹಾಕಿ ಮೆಲ್ಲಗೆ ಇಳಿಯುತ್ತದೆ, ಲಿಫ್ಟ್ ಇಳಿದ ಹಾಗೆ. ನಿಜವಾದ ಜಿಗಿತದಲ್ಲಿ ವೇಗ ಅತಿ ಹೆಚ್ಚಿರುವುದೇ ಆ ಕ್ಷಣದಲ್ಲಿ. ನೆಲ ಬಿಡುವ ಕೀ, ನೆಲ ಮುಟ್ಟುವ ಕೀ ಎರಡನ್ನೂ ಆರಿಸಿ ಕೀಬೋರ್ಡ್‌ನಲ್ಲಿ ವಿ ಒತ್ತಿ, ವೆಕ್ಟರ್ ಎಂಬ ನೇರ ಹ್ಯಾಂಡಲ್ ಆಯ್ಕೆ ಮಾಡಿ, ಆಮೇಲೆ ಗಾಳಿಯಲ್ಲಿನ ಗೆರೆ ಬಿಲ್ಲಿನಂತೆ ಬಾಗುವ ಹಾಗೆ ಕೈಯಿಂದ ತಿದ್ದಿ. ಜಿಗಿತದ ತುತ್ತತುದಿಯಲ್ಲಿ ಮಾತ್ರ ಗೆರೆ ದುಂಡಗಿರಲಿ. ಈ ಒಂದು ತಿದ್ದುಪಡಿಯಿಂದಲೇ ನಿಮ್ಮ ಶಾಟ್ ಅರ್ಧ ಸರಿಹೋಗುತ್ತದೆ ಅನಿಸುತ್ತದೆ.

ಹಾಗಾದರೆ ತೂಕ ಕಾಣುವುದೆಲ್ಲಿ? ಹಾರುವ ಮುಂಚೆ, ಮತ್ತೆ ಇಳಿದ ಮೇಲೆ. ಸಪೂರ ಪಾತ್ರ 5 ಫ್ರೇಮ್ ಕುಗ್ಗಿ ಚಿಮ್ಮಿದರೆ ದಢೂತಿಗೆ 14 ಬೇಕು. ಮೊಣಕಾಲು ಬಾಗಬೇಕು, ಸೊಂಟ ಕೆಳಗಿಳಿಯಬೇಕು, ಹಿಮ್ಮಡಿಯ ಮೇಲೆ ಭಾರ ಕೂರಬೇಕು. ಚಿಮ್ಮುವುದು 3 ಫ್ರೇಮಿನಲ್ಲಿ ಮುಗಿಯಲಿ. ಇಳಿದಾಗ ಪಾದ ಮುಟ್ಟಿದ ಮೇಲೂ ಸೊಂಟ ಇನ್ನೂ 4 ಫ್ರೇಮ್ ಕೆಳಗೆ ಹೋಗುತ್ತಿರಲಿ, ಅಲ್ಲಿಂದ ಏಳಲು 18 ಫ್ರೇಮ್. ಪಾದ, ಸೊಂಟ, ತಲೆ ಮೂರೂ ಒಂದೇ ಫ್ರೇಮಿನಲ್ಲಿ ನಿಂತರೆ ಮರದ ಬೊಂಬೆಯಾಗುತ್ತದೆ. ಈ ಅಂಕಿಗಳನ್ನು ಶಾಸನ ಅಂದುಕೊಳ್ಳಬೇಡಿ, ಆರಂಭಕ್ಕೆ ಇಟ್ಟುಕೊಳ್ಳಿ.

ಈಗ ನೀವು ಕೇಳಿದ ಸಿನಿಮಾ. ಡ್ರೀಮ್‌ವರ್ಕ್ಸ್‌ನ ಈ ಚಿತ್ರ 2008ರ ಜೂನ್‌ನಲ್ಲಿ ಬಂತು. ನಿರ್ದೇಶಕರು ಮಾರ್ಕ್ ಆಸ್ಬೋರ್ನ್ ಮತ್ತು ಜಾನ್ ಸ್ಟೀವನ್‌ಸನ್. ಹೊಡೆದಾಟ ಸಂಯೋಜಿಸಿದ ರೊಡಾಲ್ಫ್ ಗೆನೊಡೆನ್ ಸ್ವತಃ ಆನಿಮೇಟರ್, ಸಮರಕಲೆ ಬಲ್ಲವರು. ಆ ಚಿತ್ರದ ಹುಲಿ, ಕೋತಿ, ಕೊಕ್ಕರೆ, ಹಾವು, ಮ್ಯಾಂಟಿಸ್ ಹುಳ ಐದಕ್ಕೂ ಚೀನಾದ ಸಮರಕಲೆಯಲ್ಲಿ ಅವುಗಳದೇ ಹೆಸರಿನ ಶೈಲಿಗಳಿವೆ. ನಾಯಕ ಪೋ ಎಂಬ ಪಾಂಡಾಗೆ ಅಂಥ ಸಿದ್ಧ ಶೈಲಿ ಇಲ್ಲ, ಅದನ್ನು ಅವನ ಮೈಯಿಂದಲೇ ಹುಟ್ಟಿಸಬೇಕಾಯಿತು. ನೀವು ಕಲಿಯಬೇಕಾದ್ದು ಇಲ್ಲಿದೆ.

ಡಂಪ್ಲಿಂಗ್‌ಗಾಗಿ (ಕಡುಬಿನಂಥ ತಿನಿಸು) ಗುರು ಶಿಫು ಮತ್ತು ಪೋ ಕಿತ್ತಾಡುವ ದೃಶ್ಯವನ್ನು ಸದ್ದು ನಿಲ್ಲಿಸಿ, ಒಂದೊಂದೇ ಫ್ರೇಮ್ ಸರಿಸಿ ನೋಡಿ. ಶಿಫು ಅಂಗೈಯಗಲದ ಕೆಂಪು ಪಾಂಡಾ, ಎದುರಿಗೆ ಗುಡಾಣದಂಥ ಪೋ. ಚಾಪ್‌ಸ್ಟಿಕ್‌ಗಳು ತಾಗುತ್ತವೆ, ಬಟ್ಟಲುಗಳು ಮಗುಚುತ್ತವೆ, ಆದರೆ ನಮ್ಮ ಕಣ್ಣು ಹಿಂಬಾಲಿಸುವುದು ಆ ಒಂದು ಬಿಳಿ ಉಂಡೆಯನ್ನು. ಎಷ್ಟೇ ವೇಗವಿದ್ದರೂ ಗಲಿಬಿಲಿಯಾಗದಿರುವುದು ಅದರಿಂದಲೇ. ನಿಮ್ಮ ಕರಡಿಯ ಒದೆತಕ್ಕೂ ಕಣ್ಣು ನೆಡುವ ಒಂದು ವಸ್ತು ಕೊಡಿ. ಕೈ, ಕಾಲು, ಕಿವಿ, ಬಾಲ ಎಲ್ಲವೂ ಸಮನಾಗಿ ಕುಣಿದರೆ ಯಾವುದನ್ನು ನೋಡಬೇಕೆಂದೇ ತಿಳಿಯುವುದಿಲ್ಲ.

ಹೊಟ್ಟೆಯ ಕುಲುಕಾಟದಲ್ಲಿ ಹೊಸಬರೆಲ್ಲ ಅತಿ ಮಾಡುತ್ತಾರೆ. ಸೊಂಟ ನಿಂತ 2-3 ಫ್ರೇಮಿನ ನಂತರ ಹೊಟ್ಟೆ ಕೆಳಗೆ ಎಳೆಯಲಿ, ಒಮ್ಮೆ ಮೇಲೆ ಬರಲಿ, ಅದರ ಅರ್ಧದಷ್ಟು ಮತ್ತೊಮ್ಮೆ, ಅಷ್ಟೇ. ನಾಲ್ಕೈದು ಸಲ ಅಲುಗಿದರೆ ಜೆಲ್ಲಿಯಾಗುತ್ತದೆ, ತೂಕ ಮಾಯ. ಎದೆ ಮತ್ತು ಬೆನ್ನಿಗೆ ಈ ಅಲುಗಾಟ ಬೇಡವೇ ಬೇಡ. ಗಟ್ಟಿಯಾದದ್ದು ಪಕ್ಕದಲ್ಲಿದ್ದರೆ ತಾನೇ ಮೆತ್ತಗಿನದು ಮೆತ್ತಗೆ ಕಾಣುವುದು.

ಒದೆತ ತಾಗುವ ಜಾಗದಲ್ಲಿ ನಡುವಿನ ಫ್ರೇಮ್ ತುಂಬಲು ಹೋಗಬೇಡಿ. ಕಾಲು ಇನ್ನೂ ಒಂದಡಿ ದೂರವಿರುವ ಫ್ರೇಮಿನ ಮುಂದಿನದರಲ್ಲೇ ತಾಗಿರಲಿ, ಅದರ ಮುಂದಿನದರಲ್ಲಿ ಎದುರಾಳಿ ಜಾಗ ಬಿಟ್ಟಿರಲಿ. ಹಾಗೆಯೇ ಒಂಟಿಕಾಲಲ್ಲಿ ನಿಂತು ಒದೆಯುವಾಗ ಹೊಟ್ಟೆಯ ನಡುವಿನಿಂದ ನೆಲಕ್ಕೆ ನೇರ ಗೆರೆ ಎಳೆದು ನೋಡಿ. ಅದು ನಿಂತ ಪಾದದೊಳಗೆ ಬೀಳದಿದ್ದರೆ ಕರಡಿ ಮಗುಚಬೇಕಿತ್ತು. ಇದಕ್ಕೆ ರೆಫರೆನ್ಸ್ ಬೇಕಿದ್ದರೆ ಕುಂಗ್ ಫು ವಿಡಿಯೋ ಸಾಲದು, ಅವರಲ್ಲಿ ಹೆಚ್ಚಿನವರು ತೆಳ್ಳಗಿರುತ್ತಾರೆ. ಸುಮೊ ನೋಡಿ, ಮಣ್ಣಿನ ಅಖಾಡದಲ್ಲಿ ಪೈಲ್ವಾನರು ಪಟ್ಟು ಹಾಕುವ ಮುಂಚೆ ಕಾಲು ಊರುವುದನ್ನು ನೋಡಿ.

ಚಿತ್ರದ ಕೊನೆಯ ಕಾಳಗದಲ್ಲಿ ಖಳನಾಯಕ ಟಾಯ್ ಲುಂಗ್ ನರಗಳ ಮೇಲೆ ಹೊಡೆದರೆ ಪೋಗೆ ಕಚಗುಳಿಯಾಗುತ್ತದೆ, ಕೊಬ್ಬಿನೊಳಗೆ ಏಟು ಇಳಿಯುವುದೇ ಇಲ್ಲ. ಆಮೇಲೆ ಪೋ ಅದೇ ಹೊಟ್ಟೆಯಿಂದ ಅವನನ್ನು ಆಕಾಶಕ್ಕೆ ಎಸೆಯುತ್ತಾನೆ. ನನ್ನ ಪ್ರಕಾರ ಹಾಸ್ಯ ಕೆಲಸ ಮಾಡುವುದು ಇಲ್ಲಿ: ದಪ್ಪವನ್ನು ಮುಚ್ಚಿಟ್ಟು ಬ್ರೂಸ್ ಲೀ ಮಾಡಲು ಹೋಗಿಲ್ಲ. ನಿಮ್ಮ ಕರಡಿಯದು ಸಪೂರ ಹುಡುಗನ ಹಾರುಒದೆತ. ಉರುಳಿ ಬಂದು ಒದೆಯುವಂತೆಯೋ ತನ್ನ ಕುಂಡೆಯಿಂದ ಗುದ್ದುವಂತೆಯೋ ಮಾಡಿದರೆ ಆ ಮೈಗೆ ಒಪ್ಪುತ್ತದೆ.

ಕೆಲಸದ ಕ್ರಮ ನಾನಾದರೆ ಹೀಗೆ ಇಡುತ್ತೇನೆ. ಕೈಕಾಲು ಮರೆಮಾಡಿ ಬರೀ ಸೊಂಟವನ್ನು ಆನಿಮೇಟ್ ಮಾಡಿ. ಬರೀ ಒಂದು ಮೂಟೆ ಜಿಗಿದಂತೆ ಕಂಡರೂ ಭಾರ ಅನಿಸಬೇಕು, ಅಲ್ಲಿಯವರೆಗೆ ಮುಂದೆ ಹೋಗಬೇಡಿ. ಆಮೇಲೆ ಕಾಲು, ಬೆನ್ನು, ಕೈ. ಹೊಟ್ಟೆ ಎಲ್ಲಕ್ಕಿಂತ ಕೊನೆಗೆ.

ಇನ್ನು 8 ಸೆಕೆಂಡು ಅಂದರೆ 192 ಫ್ರೇಮ್. ಮೇಲಿನ ಲೆಕ್ಕದಲ್ಲಿ ಕುಗ್ಗಲು 14, ಚಿಮ್ಮಲು 3, ಗಾಳಿಯಲ್ಲಿ 22, ಕುಸಿಯಲು 4, ಏಳಲು 18, ಒಟ್ಟು 61. ಉಳಿದ 131 ಫ್ರೇಮನ್ನು ಒದೆತಕ್ಕೇ ಹಂಚಿದ್ದೀರಿ, ಅದಕ್ಕೇ ಎಳೆದಂತಾಗಿದೆ. ಅದನ್ನು ಮುಖಕ್ಕೆ ಕೊಡಿ. ಅರಮನೆಯ ಮೆಟ್ಟಿಲು ಹತ್ತಿ ಪೋ ಏದುಸಿರು ಬಿಡುತ್ತಾನಲ್ಲ, ಹಾಗೆ ನಿಮ್ಮ ಕರಡಿಯೂ ಇಳಿದ ಮೇಲೆ 40 ಫ್ರೇಮ್ ಸುಮ್ಮನೆ ಉಸಿರು ಎಳೆದುಕೊಳ್ಳಲಿ.