ಹೊಟ್ಟೆ ಉಬ್ಬರ, ಸುಸ್ತು, ಬಾಯಿಹುಣ್ಣು ಇದ್ದರೆ ಕರುಳು ಕೆಟ್ಟಿದೆ ಅಂತ ಅರ್ಥವೇ? ಯಾವ ಪ್ರೋಬಯಾಟಿಕ್ ತಗೊಂಡರೆ ಒಳ್ಳೆಯದು?

ಪ್ರಶ್ನೆಯ ಕೊನೆಯಲ್ಲಿ, "ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ ನುಂಗ್ತೀನಿ, ಅದು ಬಿಟ್ಟರೆ ಬೇರೆ ಯಾವ ಔಷಧಿಯೂ ಇಲ್ಲ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಅಂತ ಮಾರುವ ಜೀವಂತ ಬ್ಯಾಕ್ಟೀರಿಯಾ, ಅದರ ವಿಷಯ ಆಮೇಲೆ. ಮೊದಲು ಆ ಮಾತ್ರೆ.

ನಾನು ದಾವಣಗೆರೆಯವಳು. ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿಂದು ಎದೆ ಉರಿದರೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ "ಗ್ಯಾಸ್ಟ್ರಿಕ್‌ಗೆ ಮಾತ್ರೆ ಕೊಡಿ" ಅಂದರೆ ಸಾಕು, ಚೀಟಿ ಕೇಳದೆ ಪ್ಯಾಂಟೊಪ್ರಜೋಲ್ 40 ಅನ್ನೋ, ಜಠರದ ಆಮ್ಲ ಕಡಿಮೆ ಮಾಡೋ ಮಾತ್ರೆ ಕೊಡ್ತಾರೆ. ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಒಂದು ರೊಟ್ಟಿಗೇ ಹೊಟ್ಟೆ ಬಿರಿದ ಹಾಗೆ ಆಗತೊಡಗಿತು. ನಾಲಿಗೆ ನುಣ್ಣಗಾಗಿ ಸಾರು ತಾಗಿದರೂ ಉರಿ. ಬಾಚಣಿಗೆ ತುಂಬ ಕೂದಲು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು, ಏರಲಿಲ್ಲ. ಹೆಂಗಸರಿಗೆ ಮುಟ್ಟಿನಿಂದ ರಕ್ತ ಕಡಿಮೆ ಆಗೋದು ಸಹಜ ಅಂತ ಎಲ್ಲರೂ ಅಂದರು, ನಾನೂ ಒಪ್ಪಿಕೊಂಡೆ.

ಕೊನೆಗೊಬ್ಬ ಡಾಕ್ಟರು ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಬಿಟ್ಟು ಜಠರ ನೋಡೋ ಪರೀಕ್ಷೆ, ಮಾಡಿಸೋಣ ಅಂದರು. "ಬೇರೆ ಮಾತ್ರೆ ಏನಾದರೂ ನಡೀತಿದೆಯಾ ಅಮ್ಮ?" ಅಂತ ಕೇಳಿದರು. "ಇಲ್ಲ ಸರ್" ಅಂದೆ.

ಈ "ಇಲ್ಲ ಸರ್" ಅನ್ನೋದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಅದನ್ನೇ ಹೇಳ್ತೀರಿ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಬಿಪಿಗೆ, ಶುಗರಿಗೆ ತಗೊಳ್ಳೋದು ಔಷಧಿ. ಡಾಕ್ಟರು ಬರೆದುಕೊಟ್ಟದ್ದು ಔಷಧಿ. ಇದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ನಾನೇ ತಂದದ್ದು. ಅಡುಗೆಮನೆಯಲ್ಲಿ ಜೀರಿಗೆ, ಓಂಕಾಳಿನ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ಹಾಗಾಗಿ ಆ ಪ್ರಶ್ನೆ ಬಂದಾಗ ಅದು ನೆನಪಿಗೇ ಬರಲಿಲ್ಲ. ಎಂಡೋಸ್ಕೋಪಿ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ನುಂಗಿಯೇ ಹೋಗಿದ್ದೆ.

ಆವತ್ತು ಅವರು ಹುಡುಕುತ್ತಿದ್ದದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಹೊಟ್ಟೆಯ ಆಮ್ಲದಲ್ಲೂ ಬದುಕುವಂಥದ್ದು. ಜಠರದ ಒಳಪೊರೆಯಿಂದ ಚೂರು ತೆಗೆದು, ಯೂರಿಯಾ ಇರುವ ಹಳದಿ ಕಿಟ್ಟಿನಲ್ಲಿ ಹಾಕುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಹಳದಿ ಹೋಗಿ ಗುಲಾಬಿ ಬಣ್ಣ ಬರುತ್ತದೆ. ಆದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಜಾತಿಯ ಮಾತ್ರೆ ನಡೀತಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಕಡಿಮೆಯಾಗಿ ಅಡಗಿಕೊಳ್ಳುತ್ತದೆ. ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೇ ಈ ಪರೀಕ್ಷೆಗೆ ಮುಂಚೆ ಎರಡು ವಾರ ಆ ಮಾತ್ರೆ, ನಾಲ್ಕು ವಾರ ಆಂಟಿಬಯಾಟಿಕ್ ನಿಂತಿರಬೇಕು. ನನ್ನ ಕಿಟ್ಟು ಹಳದಿಯಾಗಿಯೇ ಉಳಿಯಿತು. ವರದಿಯಲ್ಲಿ "ನೆಗೆಟಿವ್, ಜಠರದಲ್ಲಿ ಸ್ವಲ್ಪ ಉರಿಯೂತ". ಆ ಬಾಗಿಲು ಮುಚ್ಚಿಯೇ ಹೋಯಿತು.

ಮುಂದಿನ ವರ್ಷವೆಲ್ಲ ನೀವು ಈಗ ಕೇಳುತ್ತಿರುವುದನ್ನೇ ಮಾಡಿದೆ. ಪ್ರೋಬಯಾಟಿಕ್ ಪುಡಿ, ಕ್ಯಾಪ್ಸೂಲು, ಹಾಲು ಬಿಡೋದು, ಗೋಧಿ ಬಿಡೋದು, ಬೆಳಿಗ್ಗೆ ಅಂಬಲಿ. ಸುಸ್ತು ಕಮ್ಮಿಯಾಗಲಿಲ್ಲ.

ಇನ್ನೊಬ್ಬ ಡಾಕ್ಟರು ಮಾತ್ರೆ ಇದೆಯಾ ಅಂತ ಕೇಳಲೇ ಇಲ್ಲ. "ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳೋ ಪ್ರತಿಯೊಂದನ್ನೂ ಚೀಲದಲ್ಲಿ ತಗೊಂಡು ಬನ್ನಿ" ಅಂದರು. ಮೇಜಿನ ಮೇಲೆ ಸುರಿದೆ. ಅರ್ಧ ಖಾಲಿಯಾದ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಎತ್ತಿ ಹಿಡಿದು "ಇದು ಎಷ್ಟು ದಿನದಿಂದ?" ಅಂದರು. ಎರಡು ವಾರ ನಿಲ್ಲಿಸಿ ಮಲ ಪರೀಕ್ಷೆ ಮಾಡಿಸಿದಾಗ ಪಾಸಿಟಿವ್ ಬಂತು. 14 ದಿನದ ಆಂಟಿಬಯಾಟಿಕ್ ಕೋರ್ಸು ಕಷ್ಟವೇ, ಬಾಯಲ್ಲಿ ಸದಾ ಲೋಹದ ರುಚಿ. ಮುಗಿಸಿದ ಮೇಲೆ ಅದೇ ಕಬ್ಬಿಣದ ಮಾತ್ರೆಗೆ ಹಿಮೋಗ್ಲೋಬಿನ್ ಏರತೊಡಗಿತು. ಆಹಾರದ ಕಬ್ಬಿಣ ಮೈಗೆ ಹತ್ತಲು, ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಬ್ಯಾಕ್ಟೀರಿಯಾ ಒಂದು ಕಡೆ, ದಿನದಿನದ ಮಾತ್ರೆ ಇನ್ನೊಂದು ಕಡೆ, ಎರಡೂ ಸೇರಿ ಅದಕ್ಕೆ ಅಡ್ಡ ನಿಂತಿದ್ದವು.

ಅಲ್ಸರಿಗೆ ಖಾರ, ಟೆನ್ಷನ್ನೇ ಕಾರಣ ಅಂತ ಡಾಕ್ಟರುಗಳೇ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ಡಾಕ್ಟರು ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವೇ ಕಾರಣ ಅಂತ ತೋರಿಸಲು ಅದನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಅವರಿಗೂ ಜೊತೆಗೆ ಸಂಶೋಧನೆ ಮಾಡಿದ್ದ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಆದರೂ ನಮ್ಮ ಮನೆಗಳಲ್ಲಿ ಇವತ್ತಿಗೂ ಬೈಸಿಕೊಳ್ಳೋದು ಮೆಣಸಿನಕಾಯಿಯೇ.

ನಿಮಗೂ ಇದೇ ಕಾಯಿಲೆ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇದು ಇರುತ್ತದೆ, ಹೆಚ್ಚಿನವರಿಗೆ ಏನೂ ಆಗಿರೋದಿಲ್ಲ. ಉಬ್ಬರ, ಸುಸ್ತು, ಬಾಯಿಹುಣ್ಣು ಥೈರಾಯ್ಡಿನಿಂದಲೂ ಬರಬಹುದು, ಗೋಧಿ ಒಗ್ಗದ ಕಾಯಿಲೆ ಸೀಲಿಯಾಕ್‌ನಿಂದಲೂ, ಕರುಳಿನ ಟಿಬಿಯಿಂದಲೂ, ಬರೀ ಬಿ12 ಕೊರತೆಯಿಂದಲೂ. "ಕರುಳು ಕೆಟ್ಟಿದೆ" ಅನ್ನೋದು ಕಾಯಿಲೆಯ ಹೆಸರಲ್ಲ, ಅದಕ್ಕೊಂದು ಔಷಧಿಯೂ ಇಲ್ಲ. ಹಾಗಾಗಿ ಯಾವ ಪ್ರೋಬಯಾಟಿಕ್ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಮಲದ ಸ್ಯಾಂಪಲ್ ಕಳಿಸಿ ಕರುಳಿನ ಬ್ಯಾಕ್ಟೀರಿಯಾ ಎಣಿಸುವ, ಸಾವಿರಾರು ರೂಪಾಯಿಯ ಆ ಕಿಟ್ ದಯವಿಟ್ಟು ತರಿಸಬೇಡಿ. ಅದರಿಂದ ಇಂಥ ಕಾಯಿಲೆ ಪತ್ತೆಯಾಗೋದಿಲ್ಲ. ಮೊಸರು, ಮಜ್ಜಿಗೆ ಊಟಕ್ಕೆ ಇರಲಿ, ನಾನೂ ದಿನಾ ಕುಡೀತೀನಿ. ಪರೀಕ್ಷೆಯ ಬದಲು ಮಾತ್ರ ಬೇಡ.

ಮೊದಲು ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಬಿ12, ಥೈರಾಯ್ಡಿನ ಟಿಎಸ್‌ಎಚ್. ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿದ್ದರೆ, ರಕ್ತ ಕಂಡರೆ, ತೂಕ ತಾನಾಗಿ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಾತ್ರಿ ನಿದ್ದೆಯಿಂದ ಎದ್ದು ಭೇದಿಗೆ ಓಡುವಂತಾದರೆ ರಕ್ತ ಪರೀಕ್ಷೆಗೂ ಕಾಯಬೇಡಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಅಪ್ಪನಿಗೆ ಅಲ್ಸರ್ ಇತ್ತು ಅಂತ ಬರೆದಿದ್ದೀರಿ. ಪೈಲೋರಿ ಮನೆಯೊಳಗೇ ಒಬ್ಬರಿಂದೊಬ್ಬರಿಗೆ ಹರಡುವಂಥದ್ದು, ಅದನ್ನೂ ಡಾಕ್ಟರಿಗೆ ಹೇಳಿ.

ಮಾತ್ರೆಯನ್ನು ನೀವೇ ಹಠಾತ್ತನೆ ನಿಲ್ಲಿಸಬೇಡಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ತಗೊಳ್ಳುವವರಿಗೆ ಅದು ಜಠರ ಕಾಯುತ್ತಿರಬಹುದು. ಬಹಳ ದಿನ ತಗೊಂಡು ಬಿಟ್ಟರೆ ಕೆಲ ವಾರ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕಬಹುದು. ನನಗೆ ಆ ಎರಡು ವಾರ ರಾತ್ರಿಯೆಲ್ಲ ಎದೆ ಉರಿದು, ಮಾತ್ರೆ ಬಿಟ್ಟದ್ದೇ ತಪ್ಪು ಅನ್ನಿಸಿಬಿಟ್ಟಿತ್ತು. ಡಾಕ್ಟರು ಆ ದಿನಗಳಿಗೆ ಆಮ್ಲ ತಣಿಸೋ ಆಂಟಾಸಿಡ್ ಸಿರಪ್ ಬರೆದುಕೊಟ್ಟಿದ್ದರು. ಅದನ್ನು ಪರೀಕ್ಷೆಯ ಹಿಂದಿನ ದಿನ ಮಾತ್ರ ನಿಲ್ಲಿಸಲು ಹೇಳಿದ್ದರು. ನಿಮ್ಮ ಡಾಕ್ಟರನ್ನೂ ಮೊದಲೇ ಕೇಳಿಟ್ಟುಕೊಳ್ಳಿ.