ಯಂತ್ರಕ್ಕೆ ಮೊದಲೇ ಬಂದ ಮಾದರಿ

ಮಾನ್ಯರೆ,

‘1947ರಲ್ಲೇ ಅಮೆರಿಕದ ವಾಯುಪಡೆ ಕಂಪ್ಯೂಟರ್ ಮಾದರಿಗಳಿಂದ ಸರಬರಾಜಿನ ಯೋಜನೆ ಹಾಕಿತಂತೆ. ಆಗ ಕಂಪ್ಯೂಟರ್ ಎಲ್ಲಿತ್ತು? ಇದ್ದರೂ ಸೇನೆಯ ತೀರ್ಮಾನವನ್ನು ಯಂತ್ರಕ್ಕೆ ಬಿಡುತ್ತಾರೆಯೇ?’ ಎಂದು ಕೇಳಿದ್ದೀರಿ.

ಅವರ ಬಳಿ ಕಂಪ್ಯೂಟರ್ ಇರಲಿಲ್ಲ, ಮಾದರಿ, ಅಂದರೆ ಲೆಕ್ಕದ ಚೌಕಟ್ಟು, ಇತ್ತು. ಅಮೆರಿಕದ ರಕ್ಷಣಾ ಕಚೇರಿ ಪೆಂಟಗನ್‌ನಲ್ಲಿ ಯೋಜನಾ ತಜ್ಞ ಮಾರ್ಷಲ್ ವುಡ್ ಮತ್ತು ಗಣಿತಜ್ಞ ಜಾರ್ಜ್ ಡಾಂಟ್ಸಿಗ್ ಆ ವರ್ಷ ಹಿಡಿದ ಕೆಲಸಕ್ಕೆ ಮುಂದೆ ‘ಪ್ರಾಜೆಕ್ಟ್ ಸ್ಕೂಪ್’ ಎಂಬ ಹೆಸರು ಬಂತು. ಇಷ್ಟು ವಿಮಾನ ಹಾರಬೇಕೆಂದರೆ ಇಷ್ಟು ಪೈಲಟ್‌ಗಳು, ಅವರಿಗೆ ಇಷ್ಟು ತರಬೇತುದಾರರು, ಇಷ್ಟು ಇಂಧನ, ಬಿಡಿಭಾಗ. ಒಂದನ್ನು ಮುಟ್ಟಿದರೆ ಉಳಿದದ್ದೆಲ್ಲ ಅಲುಗುತ್ತದೆ. ಈ ನಂಟುಗಳನ್ನು ಅವರು ಸಮೀಕರಣಗಳಾಗಿ ಬರೆದರು. ಅವನ್ನು ಬಿಡಿಸಲು, ಸಾಧ್ಯವಿರುವ ಉತ್ತರಗಳಲ್ಲಿ ಅತ್ಯುತ್ತಮವಾದದ್ದನ್ನು ಹಂತಹಂತವಾಗಿ ಹುಡುಕುವ ‘ಸಿಂಪ್ಲೆಕ್ಸ್’ ವಿಧಾನವನ್ನು ಡಾಂಟ್ಸಿಗ್ ಕಂಡುಹಿಡಿದರು.

ವಿಧಾನವನ್ನು ಪರೀಕ್ಷಿಸಲು ಎತ್ತಿಕೊಂಡದ್ದು ಊಟದ ಲೆಕ್ಕ: 77 ಆಹಾರ, 9 ಪೋಷಕಾಂಶ, ಒಬ್ಬನ ಹೊಟ್ಟೆಗೆ ವರ್ಷಕ್ಕೆ ಅತಿ ಕಡಿಮೆ ಖರ್ಚೆಷ್ಟು? ಗುಮಾಸ್ತರು ಮೇಜಿನ ಕ್ಯಾಲ್ಕುಲೇಟರ್ ಹಿಡಿದು ಕೂತರು. ಒಬ್ಬರೇ ಮಾಡಿದರೆ 120 ದಿನ ಹಿಡಿಯುವಷ್ಟು ದುಡಿಮೆಯ ನಂತರ 39.69 ಡಾಲರ್ ಎಂಬ ಉತ್ತರ ಸಿಕ್ಕಿತು. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಮೊದಲೇ ಜಾಣ ಅಂದಾಜಿನಲ್ಲಿ 39.93 ಎಂದಿದ್ದರು! 24 ಸೆಂಟ್ ಉಳಿಸಲು ಅಷ್ಟು ಸಂಬಳ.

ಇಡೀ ವಾಯುಪಡೆಯ ಲೆಕ್ಕವನ್ನು ಹೀಗೆ ಮಾಡುವುದು ಆಗದ ಮಾತು. ಅದಕ್ಕೇ ‘ತ್ರಿಕೋನ ಮಾದರಿ’ ಎಂಬ ಅಡ್ಡದಾರಿ ಹಿಡಿದರು. ಎಷ್ಟು ಹಾರಾಟ ಎಂಬುದನ್ನು ಅಧಿಕಾರಿಗಳೇ ಮೊದಲು ನಿಗದಿ ಮಾಡಬೇಕು. ಅದರಿಂದ ಮುಂದಿನ ಸಾಲು, ಆ ಸಾಲಿನಿಂದ ಅದರ ಮುಂದಿನದು, ಹೀಗೆ ತೂತು ಕೊರೆದ ಕಾರ್ಡ್‌ಗಳನ್ನು ಓದಿ ಲೆಕ್ಕ ಮಾಡುವ ಪಂಚ್ ಕಾರ್ಡ್ ಯಂತ್ರಗಳಲ್ಲಿ ಲೆಕ್ಕ ಇಳಿಯುತ್ತಿತ್ತು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಯಾವುದು ಉತ್ತಮ ಎಂದು ಯಂತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಹಾಕಿದ ಯೋಜನೆಗೆ ಏನು ಬೇಕು, ಯಾವುದು ಸಾಲದು ಎಂದಷ್ಟೇ ತಿಳಿಯುತ್ತಿತ್ತು. ನನ್ನನ್ನು ಕೇಳಿದರೆ, ನಿಜವಾದ ಉಪಯೋಗ ಅದೇ. ಕಚೇರಿಯಿಂದ ಕಚೇರಿಗೆ ಕಡತ ಓಡಾಡಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಯೋಜನೆಯನ್ನು ಬೇಡವೆನಿಸಿದರೆ ಅಳಿಸಿ ಮತ್ತೊಮ್ಮೆ ಹಾಕಬಹುದಾಯಿತು.

1948-49ರಲ್ಲಿ ಸೋವಿಯತ್ ದಿಗ್ಬಂಧನದಲ್ಲಿದ್ದ ಪಶ್ಚಿಮ ಬರ್ಲಿನ್‌ಗೆ ಕಲ್ಲಿದ್ದಲು, ಹಿಟ್ಟನ್ನು ವಿಮಾನದಲ್ಲೇ ಸಾಗಿಸಿದ್ದನ್ನು ವುಡ್ ಮತ್ತು ಡಾಂಟ್ಸಿಗ್ ಒಂದು ಪ್ರಬಂಧದಲ್ಲಿ ಉದಾಹರಣೆಯಾಗಿ ಬಿಡಿಸಿದ್ದಾರೆ. ಹಾಗೆಂದು ಆ ಸಾಗಣೆ ಗೆದ್ದದ್ದೇ ಮಾದರಿಯಿಂದ ಎನ್ನುವುದು ಅತಿಯಾಯಿತು. ಮೂರು ನಿಮಿಷಕ್ಕೊಂದು ವಿಮಾನ ಎಂಬ ಶಿಸ್ತನ್ನು ಅಲ್ಲಿ ತಂದವರು ಜನರಲ್ ವಿಲಿಯಂ ಟನ್ನರ್.

ಕಂಪ್ಯೂಟರ್ ಬಂದದ್ದು ಆಮೇಲೆ. ವಾಯುಪಡೆಯೂ ಹಣ ಕೊಟ್ಟು ಕಟ್ಟಿಸಿದ ಸೀಯಾಕ್ ಎಂಬ ಕಂಪ್ಯೂಟರ್ ಶುರುವಾದದ್ದು 1950ರಲ್ಲಿ, ಪೆಂಟಗನ್‌ಗೆ ಯೂನಿವ್ಯಾಕ್ ಎಂಬುದು ಬಂದದ್ದು 1952ರಲ್ಲಿ. 48 ಸಮೀಕರಣ, 71 ಚರಗಳಿದ್ದ ವಾಯುಪಡೆಯ ಒಂದು ಲೆಕ್ಕಕ್ಕೆ ಸೀಯಾಕ್ 18 ಗಂಟೆ ತೆಗೆದುಕೊಂಡಿತು.

– ಸಂ.